ಮಕ್ಕಳ ಕೈಗೆ ಸೌಟು ಕೊಡುವುದು ಹೇಗೆ?

ಎರಡು ವರ್ಷದ ಹಿಂದಿನ ಜುಲೈ ತಿಂಗಳು. ಮುಂಬೈಯ ಕುರ್ಲಾ, ಸಾಯನ್ ಕಡೆ ಹಳಿ ಮೇಲೆ ನೀರು ನಿಂತು ಲೋಕಲ್ ರೈಲುಗಳೆಲ್ಲ ನಿಂತುಬಿಟ್ಟಿದ್ದವು. ನಾನು ಲೇಡೀಸ್ ಡಬ್ಬಿಯಲ್ಲಿ ಒಂಟಿ ಕಾಲ ಮೇಲೆ, ನಮ್ಮವರು ಅಂಧೇರಿಯ ಆಫೀಸಿನಲ್ಲಿ, ಮಕ್ಕಳಿಬ್ಬರೂ ಡೊಂಬಿವಲಿಯ ಮನೆಯಲ್ಲಿ. ಎದುರು ಮನೆಯ ಕಾಕೂ ಇದ್ದಿದ್ದರೆ ಚಿಂತೆ ಇರಲಿಲ್ಲ, ಅವರೂ ಅವತ್ತೇ ಸಾತಾರಾಕ್ಕೆ ಹೋಗಿದ್ದರು. ರಾತ್ರಿ ಹನ್ನೊಂದರ ಮೇಲೆ ಮನೆ ಮುಟ್ಟಿ ನೋಡಿದರೆ ಇಬ್ಬರೂ ಒಂದು ಪ್ಯಾಕೆಟ್ ಪಾರ್ಲೆ-ಜಿ ಹಂಚಿಕೊಂಡು ತಿಂದು ಸೋಫಾ ಮೇಲೇ ಮಲಗಿದ್ದರು. ಡಬ್ಬಿಯಲ್ಲಿ ಅವಲಕ್ಕಿ ಇತ್ತು, ಫ್ರಿಜ್ಜಿನಲ್ಲಿ ಮೊಸರಿತ್ತು, ಕಟ್ಟೆ ಮೇಲೆ ಬಾಳೆಹಣ್ಣು, ಶೇಂಗಾ ಚಟ್ನಿಪುಡಿ. "ಅವಲಕ್ಕಿಗೆ ಮೊಸರು ಹಾಕ್ಕೊಂಡು ತಿನ್ನಬಹುದಿತ್ತಲ್ಲೇ" ಅಂದೆ ಬೆಳಿಗ್ಗೆ. ಮಗಳಿಗೆ ಆಗ 10 ವರ್ಷ. "ಅದು ನೀನು ಮಾಡೋದು ಅಲ್ವಾ ಅಮ್ಮಾ" ಅಂದಳು. ಬೇಸರದಿಂದೇನೂ ಹೇಳಲಿಲ್ಲ, ಇದ್ದದ್ದು ಹೇಳಿದಳು.

ತಪ್ಪು ನನ್ನದೇ. ಹತ್ತು ವರ್ಷ ಅವಳು ಅಡುಗೆಮನೆ ಬಾಗಿಲಿಗೆ ಬಂದಾಗಲೆಲ್ಲ "ಕಾಲಿಗೆ ಅಡ್ಡ ಬರಬೇಡ, ಹೋಗಿ ಹೋಮ್‌ವರ್ಕ್ ಮಾಡು" ಅಂತ ಅಟ್ಟಿದವಳು ನಾನು. ಈಗ ಮಗಳಿಗೆ 12, ಮಗನಿಗೆ 8. ಬುಧವಾರ ಮತ್ತು ಭಾನುವಾರ ರಾತ್ರಿಯ ಊಟ ಅವರದ್ದು. ಇಲ್ಲಿಗೆ ಬರಲು ನಾವು ಹಾದ ದಾರಿ, ಮಾಡಿಕೊಂಡ ಎಡವಟ್ಟು ಎರಡನ್ನೂ ಬರೆದಿದ್ದೇನೆ. ಮುಖ್ಯವಾಗಿ ನಾನು ಹೇಳುವುದು ಒಂದೇ. ಮಕ್ಕಳಿಗೆ ಬರೀ ಸಹಾಯದ ಕೆಲಸ ಕೊಡಬೇಡಿ, ಚಿಕ್ಕದಾದರೂ ಒಂದು ಪೂರ್ತಿ ಪದಾರ್ಥ ಕೊಡಿ, ಮತ್ತು ಅದು ಹೇಗೇ ಬಂದಿರಲಿ ಅವತ್ತು ಮನೆಮಂದಿ ಅದನ್ನೇ ಉಣ್ಣಿ.

ಮೊದಲು ಹೊತ್ತು ನೋಡಿ

ವಾರದ ದಿನ ಸಂಜೆ ಏಳೂವರೆಗೆ ಮನೆಗೆ ಬಂದು, ಬ್ಯಾಗ್ ಇಟ್ಟು, ಒಂದು ಕೈಯಲ್ಲಿ ಕುಕ್ಕರ್ ಇನ್ನೊಂದು ಕೈಯಲ್ಲಿ ಚಪಾತಿ ಹಿಟ್ಟು ಹಿಡಿದಿರುವಾಗ ಮಗುವಿಗೆ ಅಡುಗೆ ಕಲಿಸಲು ಹೋಗಬೇಡಿ. ಯಾರಿಗೂ ತಾಳ್ಮೆ ಇರುವುದಿಲ್ಲ. ನಾವು ಶುರುಮಾಡಿದ್ದು ಶನಿವಾರ ಸಂಜೆ ನಾಲ್ಕಕ್ಕೆ. ಹೊಟ್ಟೆ ಪೂರ್ತಿ ಹಸಿದಿರಬಾರದು, ತುಂಬಿರಲೂಬಾರದು. ಮೇ ತಿಂಗಳ ರಜೆಯಲ್ಲಾದರೆ ಬೆಳಿಗ್ಗೆ ಒಂಬತ್ತರ ಒಳಗೆ ಮುಗಿಸಿ, ಆಮೇಲೆ ಆ ಸೆಕೆಯಲ್ಲಿ ಒಲೆ ಮುಂದೆ ದೊಡ್ಡವರಿಗೇ ನಿಲ್ಲಲು ಆಗುವುದಿಲ್ಲ, ಮಕ್ಕಳ ಕಥೆ ಬಿಡಿ.

ಜಾಗದ ವಿಷಯ. ನಮ್ಮ ಒನ್ ಬಿಎಚ್‌ಕೆ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಫ್ರಿಜ್ ಬಾಗಿಲು ತೆಗೆಯಲು ಬರುವುದಿಲ್ಲ. ಮುಂಬೈಯಲ್ಲಿ ಬಹಳ ಜನರದ್ದು ಇದೇ ಪಾಡು. ಅದಕ್ಕೆ ಒಲೆ ಕೆಲಸ ಬಿಟ್ಟು ಉಳಿದದ್ದೆಲ್ಲ ನೆಲದ ಮೇಲೆ. ಹಾಲ್‌ನಲ್ಲಿ ಹಳೇ ಚಾದರ ಹಾಸಿ, ಮಣೆ, ಪರಾತ, ಬೋಗುಣಿ ಇಟ್ಟರೆ ಆಯಿತು. ನಮ್ಮ ಅಜ್ಜಿಯರು ಕೂತೇ ಹೆಚ್ಚಿದ್ದು, ಕೂತೇ ಲಟ್ಟಿಸಿದ್ದು. ಕೂತರೆ ಚಾಕು ಬಿದ್ದರೂ ಕಾಲ ಮೇಲೆ ಬೀಳುವುದಿಲ್ಲ. ಒಲೆ ಮುಂದೆ ಮಾತ್ರ ಅಲ್ಲಾಡದ ಗಟ್ಟಿ ಸ್ಟೂಲ್ ಬೇಕು. ಮಗುವಿನ ಮೊಣಕೈ ಕಟ್ಟೆಗಿಂತ ಮೇಲೆ ಬರಬೇಕು, ಇಲ್ಲದಿದ್ದರೆ ಪಾತ್ರೆಯೊಳಗೆ ಏನಾಗುತ್ತಿದೆ ಅಂತ ಕಾಣದೆ ಬಗ್ಗಿ ಬಗ್ಗಿ ನೋಡುತ್ತವೆ. ಆವಿ ಸೀದಾ ಮುಖಕ್ಕೆ.

ಒಲೆ ಇಲ್ಲದ ಅಡುಗೆಯಿಂದ ಶುರು

ಸ್ಯಾಂಡ್‌ವಿಚ್, ಕೋಸಂಬರಿ, ಮಜ್ಜಿಗೆ ಎಲ್ಲ ಆಗುತ್ತದೆ. ಆದರೆ ನನ್ನನ್ನು ಕೇಳಿದರೆ ಮೊದಲ ಪದಾರ್ಥ ಹಚ್ಚಿದ ಅವಲಕ್ಕಿ. ನಾನು ಧಾರವಾಡದವಳು, ಹಾಗೇ ಹೇಳುತ್ತೇನೆ ಅನ್ನಿ. ನಮ್ಮವರು ಉಡುಪಿ ಕಡೆಯವರು, ಅವರ ಮನೆಯಲ್ಲಿ ತೆಂಗಿನತುರಿ, ಬೆಲ್ಲ ಹಾಕಿ ಕಲಸುವ ಅವಲಕ್ಕಿ ಇದೆ. ಅದಕ್ಕೂ ಬೆಂಕಿ ಬೇಡ. ಯಾವುದು ರುಚಿ ಅನ್ನುವ ಜಗಳ ನಮ್ಮಲ್ಲಿ ಹದಿನಾಲ್ಕು ವರ್ಷದಿಂದ ನಡೆದಿದೆ, ಅದನ್ನು ಇಲ್ಲಿ ಎತ್ತುವುದಿಲ್ಲ.

ನಾಲ್ಕು ಜನಕ್ಕೆ ಕಾಲು ಕಿಲೋ ತೆಳು ಅವಲಕ್ಕಿ ಸಾಕು. ಇಲ್ಲಿನ ಅಂಗಡಿಯಲ್ಲಿ 'ಪಾತಳ ಪೋಹೆ' ಅಂತ ಕೇಳಬೇಕು, ಸುಮ್ನೆ ಪೋಹೆ ಅಂದರೆ ಒಗ್ಗರಣೆಗೆ ಹಾಕುವ ದಪ್ಪದ್ದನ್ನು ಕಟ್ಟಿಕೊಡುತ್ತಾರೆ. ಅಗಲವಾದ ಪರಾತದಲ್ಲಿ ಮೊದಲು 4 ದೊಡ್ಡ ಚಮಚ ಹಸಿ ಎಣ್ಣೆ, 2 ದೊಡ್ಡ ಚಮಚ ಮೆಂತ್ಯದ ಹಿಟ್ಟು, 1 ದೊಡ್ಡ ಚಮಚ ಖಾರದ ಪುಡಿ, 2 ಸಣ್ಣ ಚಮಚ ಸಕ್ಕರೆ, 1 ಸಣ್ಣ ಚಮಚ ಉಪ್ಪು ಹಾಕಿ ಬೆರಳಲ್ಲಿ ಕಲಸಬೇಕು. ಮೆಂತ್ಯದ ಹಿಟ್ಟು ಅಂದರೆ ಬರೀ ಮೆಂತ್ಯ ಅಲ್ಲ, ಬೇಳೆಕಾಳು ಹುರಿದು ಸ್ವಲ್ಪ ಮೆಂತ್ಯ ಸೇರಿಸಿ ಬೀಸಿದ ಪುಡಿ. ಅದನ್ನು ಊರಿಂದ ತರದಿದ್ದರೂ ಚಿಂತೆ ಇಲ್ಲ, ಮರಾಠಿಯವರ ಮೇತ್‌ಕೂಟ ಅದರ ಅಕ್ಕನೇ. ಈ ಮಸಾಲೆ ಎಣ್ಣೆಗೆ ಅವಲಕ್ಕಿ ಸುರಿದು, ಪುಡಿಯಾಗದ ಹಾಗೆ, ಅಂಗೈಯಿಂದ ಹಗುರಾಗಿ ಹಚ್ಚುತ್ತಾ ಹೋಗಬೇಕು. ಎಲ್ಲ ಅವಲಕ್ಕಿಗೂ ಬಣ್ಣ ಹತ್ತಿದ ಮೇಲೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ಹುರಿದ ಶೇಂಗಾ, ಹಸಿ ಕೊಬ್ಬರಿ ತುರಿ, ಅರ್ಧ ನಿಂಬೆಹಣ್ಣು. ಈರುಳ್ಳಿ ಹಾಕಿದ ಕೂಡಲೇ ತಿನ್ನಬೇಕು, ಇಲ್ಲದಿದ್ದರೆ ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಇಲ್ಲಿ ಅವಲಕ್ಕಿ ಡಬ್ಬಿಯೊಳಗೇ ಮೆತ್ತಗಾಗಿರುತ್ತದೆ, ಆಗ ನೀವು ಎರಡು ನಿಮಿಷ ಬರೀ ಬಾಣಲೆಯಲ್ಲಿ ಬೆಚ್ಚಗೆ ಮಾಡಿಕೊಡಿ.

ಇದೇ ಯಾಕೆ ಅಂದರೆ ಇದರಲ್ಲಿ ಕೈಗೆ ಕೆಲಸ ಜಾಸ್ತಿ, ಕೆಡುವ ಭಯ ಕಡಿಮೆ. ಅಳತೆ ಬರುತ್ತದೆ, ಉಪ್ಪು ಖಾರದ ರುಚಿ ನೋಡುವುದು ಬರುತ್ತದೆ. ಮೊದಲ ಸಲ ಮಗಳು ಮಾಡಿದಾಗ ಖಾರದ ಪುಡಿ ಒಂದೇ ಕಡೆ ಮುದ್ದೆಯಾಗಿ ತಮ್ಮನ ತಟ್ಟೆಗೇ ಬಂತು. ಅವನು ನೀರು ಕುಡಿದು ಕುಡಿದು ತಿಂದ, ಆದರೂ ತಿಂದ. ಎರಡನೇ ಸಲ ಅವಳು ಯಾರೂ ಹೇಳದೇ ಪುಡಿಯನ್ನು ಎಣ್ಣೆಯಲ್ಲಿ ಚೆನ್ನಾಗಿ ಉಜ್ಜಿದಳು.

ನಾಲ್ಕೈದು ವರ್ಷದ ಮಕ್ಕಳಿದ್ದರೆ ಇನ್ನೂ ಸಣ್ಣ ಕೆಲಸ. ಅಕ್ಕಿ ತೊಳೆಯುವುದು, ಬೇಯಿಸಿ ಆರಿಸಿದ ಬಟಾಟೆ ಸಿಪ್ಪೆ ತೆಗೆಯುವುದು, ಡಿಸೆಂಬರ್, ಜನವರಿಯಲ್ಲಿ ಬಟಾಣಿ ಬಿಡಿಸುವುದು. ಬಿಡಿಸಿದ ಅರ್ಧ ಬಟಾಣಿ ಹೊಟ್ಟೆಗೆ ಹೋಗುತ್ತದೆ, ಹೋಗಲಿ.

ಚಾಕು

ಮೊಂಡ ಚಾಕು ಕೊಟ್ಟರೆ ಮಗು ಸುರಕ್ಷಿತ ಅಂತ ನಾನೂ ಅಂದುಕೊಂಡಿದ್ದೆ. ಮೊಂಡ ಚಾಕಿಗೆ ಜೋರಾಗಿ ಒತ್ತಬೇಕು, ಒತ್ತಿದಾಗಲೇ ಅದು ಜಾರುವುದು. ಮೆತ್ತಗಿನ ಸಾಮಾನಿಗೆ, ಅಂದರೆ ಬಾಳೆಹಣ್ಣು, ಪನೀರ್, ಬೇಯಿಸಿದ ಬಟಾಟೆಗೆ ಬೆಣ್ಣೆ ಹಚ್ಚುವ ಚಾಕು ಸಾಕು. ಸೌತೆಕಾಯಿಗೆ ಬಂದ ಮೇಲೆ ಸಣ್ಣದೇ ಆದರೂ ಹರಿತ ಇರುವ ಚಾಕು ಕೊಡಿ. ಜಾರುವ ಮಣೆಯ ಕೆಳಗೆ ಒದ್ದೆ ಬಟ್ಟೆ ಹಾಸಿ. ದುಂಡಗಿರುವುದನ್ನು ಮೊದಲು ಅರ್ಧ ಮಾಡಿ, ಚಪ್ಪಟೆ ಭಾಗ ಕೆಳಗೆ ಬರಬೇಕು, ಆಗ ಉರುಳುವುದಿಲ್ಲ. ಹಿಡಿದ ಕೈಯ ಬೆರಳ ತುದಿಗಳು ಒಳಗೆ ಮಡಚಿರಬೇಕು, ಬೆಕ್ಕು ಪಂಜ ಮಡಚಿದ ಹಾಗೆ. ಮಗನಿಗೆ ಹೀಗೆ ಹೇಳಿದ ಮೇಲೆ ಅವನು ಒಂದು ವಾರ ಸೌತೆಕಾಯಿ ಹೆಚ್ಚುವಾಗ ಮಿಯಾಂವ್ ಅನ್ನುತ್ತಿದ್ದ.

ಈಳಿಗೆ ಬೇಡ. ಅತ್ತೆ ಬಂದಾಗ ಮೆಟ್ಟುಕತ್ತಿ ಅನ್ನುತ್ತಾರೆ, ಎದುರು ಮನೆಯವರು ವಿಳಿ ಅನ್ನುತ್ತಾರೆ, ಹೆಸರು ಏನೇ ಇರಲಿ ಅದು ಹದಿನಾಲ್ಕು ದಾಟಿದ ಮೇಲೆ ಸಾಕು.

ಒಲೆ ಹತ್ತಿರ

ಇಲ್ಲಿ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಯಾಕೆಂದರೆ ಎಲ್ಲರಿಗೂ ಭಯ ಇರುವುದು ಇಲ್ಲೇ, ನನಗೆ ಪೆಟ್ಟು ಬಿದ್ದದ್ದೂ ಇಲ್ಲೇ.

ವಯಸ್ಸು ಇಷ್ಟೇ ಅಂತ ಗೆರೆ ಎಳೆಯಲು ಬರುವುದಿಲ್ಲ. ನಾನು ಹತ್ತು ತುಂಬಿದ ಮೇಲೆ, ದೊಡ್ಡವರು ಪಕ್ಕದಲ್ಲಿದ್ದಾಗ ಮಾತ್ರ ಒಲೆ ಹಚ್ಚಲು ಬಿಟ್ಟೆ. ಅದಕ್ಕೂ ಮೊದಲು ಎರಡು ದಿನ ಬರೀ ಹಚ್ಚುವುದು, ಆರಿಸುವುದು. ಮೇಲೆ ಪಾತ್ರೆ ಇಲ್ಲ. ದೊಡ್ಡ ಉರಿ, ಸಣ್ಣ ಉರಿ ಯಾವುದು ಅಂತ ನೋಡುವುದು. ಆಮೇಲೆ ಗ್ಯಾಸ್ ವಾಸನೆ ಬಂದರೆ ಏನು ಮಾಡಬೇಕು ಅನ್ನುವುದನ್ನು ಬಾಯಿಪಾಠ ಮಾಡಿಸಿದೆ. ಒಲೆಯ ನಾಬ್ ಬಂದ್, ಗೋಡೆ ಮೇಲಿನ ವಾಲ್ವ್ ಅಥವಾ ಸಿಲಿಂಡರ್ ರೆಗ್ಯುಲೇಟರ್ ಬಂದ್, ಕಿಟಕಿ ಬಾಗಿಲು ತೆಗಿ, ಲೈಟು ಫ್ಯಾನಿನ ಸ್ವಿಚ್ ಹಾಕಲೂಬೇಡ, ಆರಿಸಲೂಬೇಡ, ತಮ್ಮನನ್ನು ಕರೆದುಕೊಂಡು ಹೊರಗೆ ಹೋಗು. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಪೈಪಿನಲ್ಲಿ ಬರುವ ಗ್ಯಾಸ್ ಹಗುರ, ಮೇಲಕ್ಕೆ ಏರುತ್ತದೆ. ಸಿಲಿಂಡರ್ ಇದ್ದವರಿಗೆ ತುರ್ತು ನಂಬರ್ 1906. ಪೈಪ್ ಗ್ಯಾಸ್ ಆದರೆ ಬಿಲ್ಲಿನ ಮೇಲಿರುವ ತುರ್ತು ನಂಬರನ್ನು ದಪ್ಪಗೆ ಬರೆದು ಬಾಗಿಲ ಹಿಂದೆ ಅಂಟಿಸಿ. ಮಳೆಗಾಲದಲ್ಲಿ ಕಿಟಕಿ ಗಾಳಿಗೆ ಸಣ್ಣ ಉರಿ ಆರಿಹೋಗುತ್ತದೆ, ಗ್ಯಾಸ್ ಮಾತ್ರ ಬರುತ್ತಲೇ ಇರುತ್ತದೆ. ಅದನ್ನೂ ತೋರಿಸಿಕೊಡಿ.

ಹತ್ತಿಯ ಬಟ್ಟೆ ಇರಲಿ, ಜೋತಾಡುವ ತೋಳು ಬೇಡ, ಕೂದಲು ಕಟ್ಟಿರಬೇಕು, ಬಾಣಲೆ ಹಿಡಿ ಒಳಗಡೆ ತಿರುಗಿರಬೇಕು. ಇದು ಎಲ್ಲರಿಗೂ ಗೊತ್ತಿದ್ದದ್ದೇ.

ಮೊದಲು ಕಲಿಸಿದ್ದು ಒಗ್ಗರಣೆ. ಕೆಲವರು ಮ್ಯಾಗಿಯಿಂದ ಶುರುಮಾಡಿಸುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ, ನೀರು ಕುದಿಸಿ ಪ್ಯಾಕೆಟ್ ಸುರಿದರೆ ಮುಗಿಯಿತು, ಅದರಲ್ಲಿ ಕಲಿಯಲು ಏನಿದೆ? ಒಗ್ಗರಣೆ ಒಂದು ಬಂದರೆ ಅವಲಕ್ಕಿ, ಉಪ್ಪಿಟ್ಟು, ಸಾರು, ಚಿತ್ರಾನ್ನ, ಮೊಸರನ್ನ ಅರ್ಧ ಬಂದ ಹಾಗೆ.

ಸಣ್ಣ ಬಾಣಲೆಗೆ 2 ಚಮಚ ಎಣ್ಣೆ. ಉರಿ ಸಣ್ಣದು. ಮೊದಲು ಒಂದೇ ಒಂದು ಸಾಸಿವೆ ಕಾಳು ಹಾಕಿಸಿ. ತಳಕ್ಕೆ ಹೋಗಿ ಸುಮ್ನೆ ಕೂತರೆ ಎಣ್ಣೆ ಕಾದಿಲ್ಲ. ಸುತ್ತ ಗುಳ್ಳೆ ಎದ್ದು ಚಟ್ ಅಂದರೆ ಉಳಿದ ಸಾಸಿವೆ ಹಾಕಬಹುದು. ಮುಚ್ಚಳ ಇನ್ನೊಂದು ಕೈಯಲ್ಲೇ ಇರಲಿ. ಚಟಪಟ ಜೋರಾಗಿ, ಆಮೇಲೆ ಬಿಟ್ಟು ಬಿಟ್ಟು ಬರುತ್ತದಲ್ಲ, ಆಗ ಉದ್ದಿನಬೇಳೆ. ಅದು ಕೆಂಪಗಾಗುವಷ್ಟರಲ್ಲಿ ಕರಿಬೇವು, ಮೆಣಸಿನಕಾಯಿ. ಒಲೆ ಆರಿಸಿ, ಕೊನೆಗೆ ಇಂಗು, ಅರಿಶಿನ. ಮಗಳಿಗೆ ಕಣ್ಣು ಮುಚ್ಚಿಕೊಂಡು ಕೇಳು ಅಂದೆ. ಒಂದು ಹೆಜ್ಜೆ ಹಿಂದೆ ನಿಂತು ಅವಳು ಕೇಳುತ್ತಾ, "ಈಗ ಕಡಿಮೆ ಆಯ್ತು, ಈಗ ಬೇಳೆ" ಅಂದಳು. ಗಡಿಯಾರ ನೋಡಿ ಕಲಿತಿದ್ದರೆ ಬೇರೆ ಬಾಣಲೆ ಬಂದಾಗ ಲೆಕ್ಕ ತಪ್ಪುತ್ತಿತ್ತು. ಕಿವಿಗೆ ಬಂದದ್ದು ತಪ್ಪಲಿಲ್ಲ.

ಇನ್ನು ಎಡವಟ್ಟು. ಮೂರನೇ ಸಲವೋ ನಾಲ್ಕನೇ ಸಲವೋ, ಅವಳು ತೊಳೆದ ಕರಿಬೇವನ್ನು ಒದ್ದೆಯಾಗಿಯೇ ಕಾದ ಎಣ್ಣೆಗೆ ಹಾಕಲು ಹೋದಳು. ನಾನು ಹಿಂದಿನಿಂದ "ಏಯ್ ಹುಷಾರು!" ಅಂತ ಕಿರುಚಿದೆ. ಅವಳು ಬೆಚ್ಚಿಬಿದ್ದಳು. ಬಾಣಲೆ ಅಲ್ಲಾಡಿ ಎಣ್ಣೆ ಮಣಿಕಟ್ಟಿಗೆ ಸಿಡಿಯಿತು. ಒದ್ದೆ ಕರಿಬೇವಿನಿಂದ ಒಂದೆರಡು ಹನಿ ಸಿಡಿಯುತ್ತಿತ್ತೇನೋ, ಅಷ್ಟು ಎಣ್ಣೆ ಬಿದ್ದದ್ದು ನನ್ನ ಕಿರುಚಾಟಕ್ಕೆ. 20 ನಿಮಿಷ ನಲ್ಲಿ ನೀರಿನ ಕೆಳಗೆ ಕೈ ಹಿಡಿಸಿದೆ. ಅಷ್ಟರಲ್ಲಿ ಒಬ್ಬರು ಟೂತ್‌ಪೇಸ್ಟ್ ತಂದರು, ಇನ್ನೊಬ್ಬರು ತುಪ್ಪ ಅಂದರು, ಮಗ ಫ್ರಿಜ್ಜಿನಿಂದ ಐಸ್ ತಂದ. ಯಾವುದೂ ಹಚ್ಚಬೇಡಿ. ಬರೀ ಹರಿಯುವ ತಣ್ಣೀರು, ನಲ್ಲಿಯಲ್ಲಿ ನೀರಿಲ್ಲದಿದ್ದರೆ ಬಕೆಟ್ಟಿನಿಂದ ಮಗ್ಗಿನಲ್ಲಿ ಹುಯ್ಯುತ್ತಾ ಇರಿ. ಸುಟ್ಟದ್ದು ಮಗುವಿನ ಅಂಗೈಗಿಂತ ದೊಡ್ಡದಿದ್ದರೆ, ಮುಖಕ್ಕೆ ಆಗಿದ್ದರೆ, ಗುಳ್ಳೆ ಎದ್ದರೆ ಡಾಕ್ಟರ ಹತ್ತಿರ ಹೋಗಿ.

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದೇ ಮಾತು ಗೊತ್ತುಮಾಡಿದ್ದೇವೆ, "ನಿಲ್ಲು". ಮೆಲ್ಲಗೆ ಹೇಳುವುದು. ಅದನ್ನು ಕೇಳಿದರೆ ಕೈಯಲ್ಲಿದ್ದದ್ದು ಅಲ್ಲೇ, ಒಲೆ ಆಫ್. ಬೇರೆ ಯಾವ ಸಲಹೆಯೂ ಇಲ್ಲ, ಅವರಾಗಿ ಕೇಳಿದರೆ ಮಾತ್ರ. ಬಾಯಿ ಮುಚ್ಚಿಕೊಂಡಿರುವುದು ನನಗೆ ಎಷ್ಟು ಕಷ್ಟ ಅಂದರೆ, ನಾನು ಎರಡೂ ಕೈಯಲ್ಲಿ ಚಹಾ ಕಪ್ ಹಿಡಿದುಕೊಂಡು ಬಾಗಿಲಿಗೆ ಒರಗಿ ನಿಲ್ಲುತ್ತೇನೆ. ಬಾಯಿಗೂ ಕೆಲಸ, ಕೈಗೂ ಕೆಲಸ. ಇಲ್ಲದಿದ್ದರೆ ಕೈ ತಾನಾಗಿಯೇ ಹೋಗಿ ಸೌಟು ಕಸಿದುಕೊಳ್ಳುತ್ತದೆ. ನೀವೂ ಮಾಡಿ ನೋಡಿ.

ಕುಕ್ಕರ್

ಅನ್ನ ಬಂದರೆ ಹೊಟ್ಟೆ ಚಿಂತೆ ಅರ್ಧ ಹೋಯಿತು. ನಾವು ತರುವುದು ವಾಡಾ ಕೋಲಂ ಅಕ್ಕಿ, ಪಾಲ್ಘರ್ ಜಿಲ್ಲೆಯ ವಾಡಾದ್ದು. ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು, 3 ಸೀಟಿ. ಬೆಂಗಳೂರಿನ ನಾದಿನಿ ಕೂಗು ಅನ್ನುತ್ತಾಳೆ, ನಮ್ಮ ಮಕ್ಕಳಿಗೆ ಅದೇ ನಗು, "ಕುಕ್ಕರ್ ಯಾರನ್ನ ಕೂಗುತ್ತೆ?" ಅಂತ. ಹೊಸ ಅಕ್ಕಿಗೆ ನೀರು ಸ್ವಲ್ಪ ಕಡಿಮೆ. ತೊಗರಿಬೇಳೆಗೆ ಒಂದಕ್ಕೆ ಮೂರು ನೀರು, 4 ಸೀಟಿ. ಅಕ್ಕಿ ಹಾಕಿದಾಗ ನೀರು ಸೇರಿ ಕುಕ್ಕರ್ ಅರ್ಧ ದಾಟಬಾರದು, ಬೇಳೆ ಆದರಂತೂ ದಾಟಲೇಬಾರದು, ಯಾಕೆಂದರೆ ಬೇಳೆ ನೊರೆ ಬರುತ್ತದೆ, ನೊರೆ ಹೋಗಿ ಸೀಟಿಯ ತೂತಿಗೆ ಸಿಕ್ಕಿಕೊಳ್ಳುತ್ತದೆ. ಮುಚ್ಚುವ ಮೊದಲು ಮುಚ್ಚಳವನ್ನು ಲೈಟಿಗೆ ಹಿಡಿದು ತೂತಿನಲ್ಲಿ ಬೆಳಕು ಕಾಣುತ್ತದಾ ಅಂತ ನೋಡುವುದನ್ನು ಅಭ್ಯಾಸ ಮಾಡಿಸಿ.

ಮುಚ್ಚಳ ತೆಗೆಯುವುದು ಮಾತ್ರ ನಮ್ಮ ಮನೆಯಲ್ಲಿ ಈಗಲೂ ದೊಡ್ಡವರ ಕೆಲಸ. ಮಗಳಿಗೆ ಬರುತ್ತದೆ, ಆದರೂ. ಕುಕ್ಕರ್‌ನ ಒತ್ತಡ ಇಳಿಯುವವರೆಗೆ ಕಾಯುವ ತಾಳ್ಮೆ ಹಸಿದ ಮಕ್ಕಳಿಗೆ ಇರುವುದಿಲ್ಲ.

ಅವರದೇ ಒಂದು ಪದಾರ್ಥ, ಅವರದೇ ತಪ್ಪು

"ಈರುಳ್ಳಿ ಹೆಚ್ಚಿಕೊಡು, ಕೊತ್ತಂಬರಿ ಬಿಡಿಸಿಕೊಡು" ಅಂತ ಎಷ್ಟು ವರ್ಷ ಮಾಡಿಸಿದರೂ ಮಕ್ಕಳು ಸಹಾಯಕರಾಗೇ ಉಳಿಯುತ್ತಾರೆ. ಏನು ಮಾಡುವುದು, ಎಷ್ಟು ಮಾಡುವುದು, ಉಪ್ಪು ಸಾಕಾ ಅಂತ ತೀರ್ಮಾನ ಮಾಡುವವರು ನೀವೇ ಆಗಿರುತ್ತೀರಲ್ಲ. ಆ ತೀರ್ಮಾನವನ್ನೂ ಅವರಿಗೇ ಬಿಡಬೇಕು.

ಮಗಳ ಪಾಲಿಗೆ ಬಂದ ಪದಾರ್ಥ ಉಪ್ಪಿಟ್ಟು. ಊರಲ್ಲಿ ಬಾಂಬೆ ರವೆ ಅನ್ನುತ್ತೇವೆ, ಬಾಂಬೆಯಲ್ಲೇ ಕಿರಾಣಿ ವ್ಯಾಪಾರಿಯ ಅಂಗಡಿಗೆ ಹೋಗಿ ಬಾಂಬೆ ರವೆ ಅಂದರೆ ಅವನು ಮುಖ ಮುಖ ನೋಡುತ್ತಾನೆ, ಇಲ್ಲಿ ಅದು ಬರೀ ರವಾ. ಒಂದು ಲೋಟ ರವೆ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು, ಎರಡೂವರೆ ಲೋಟ ನೀರು. ಮೊದಲ ಸಲ ಅವಳು ನೀರು ಕುದಿಯುವಾಗ ಉಪ್ಪು ಹಾಕಿದಳು, ಆಮೇಲೆ ಹಾಕಿದ್ದೇನೋ ಇಲ್ಲವೋ ಅಂತ ಅನುಮಾನ ಬಂದು ರವೆ ಹಾಕಿದ ಮೇಲೆ ಮತ್ತೊಮ್ಮೆ ಹಾಕಿದಳು. ನಾನು ಬಾಗಿಲಲ್ಲಿ ಚಹಾ ಕಪ್ ಹಿಡಿದು ನೋಡುತ್ತಿದ್ದೆ. ಹೇಳಲಿಲ್ಲ. ಇದು ಸರಿಯಾ ತಪ್ಪಾ ಅಂತ ಇವತ್ತಿಗೂ ನಮ್ಮವರ ಜೊತೆ ವಾದ ಇದೆ.

ರುಚಿ ನೋಡಿದಳು, ಮುಖ ಸಣ್ಣದಾಯಿತು. "ಈಗ ಏನು ಮಾಡೋದು?" ಅಂತ ಕೇಳಿದಳು. ಅವಳಾಗಿ ಕೇಳಿದ ಮೇಲೆ ಹೇಳಿದೆ, ಇನ್ನೊಂದು ಅರ್ಧ ಲೋಟ ರವೆ ಹುರಿದು, ಉಪ್ಪಿಲ್ಲದೆ ಬೇಯಿಸಿ ಇದಕ್ಕೆ ಸೇರಿಸು ಅಂತ. ಹಾಗೆ ಮಾಡಿದಳು. ಆದರೂ ಉಪ್ಪೇ. ನಾಲ್ಕೂ ಜನ ಮೊಸರು ಹಾಕಿಕೊಂಡು ತಿಂದೆವು, ಒಂದು ಪಾತ್ರೆ ಮೊಸರು ಖಾಲಿ. ಯಾರೂ ಹೊರಗಿನಿಂದ ತರಿಸಲಿಲ್ಲ, ಇದು ಮುಖ್ಯ. ಅವರು ಮಾಡಿದ್ದು ಕೆಟ್ಟಿತು ಅಂತ ಆ್ಯಪ್ ತೆರೆದು ಪಿಜ್ಜಾ ತರಿಸಿದರೆ, ಅಥವಾ ಅವರು ಆಚೆ ಹೋದಾಗ ನೀವು ಕದ್ದು ನಿಂಬೆಹಣ್ಣು ಹಿಂಡಿ ಸರಿಮಾಡಿದರೆ ಮಕ್ಕಳಿಗೆ ಗೊತ್ತಾಗೇ ಆಗುತ್ತದೆ. ಮುಂದಿನ ವಾರ ಅವಳು ಉಪ್ಪಿನ ಡಬ್ಬಿಯನ್ನು, ಹಾಕಿದ ಕೂಡಲೇ ಕಟ್ಟೆಯ ಎಡಗಡೆಗೆ ಸರಿಸಿಟ್ಟಳು. ಎಡಗಡೆ ಇದ್ದರೆ ಹಾಕಿ ಆಗಿದೆ ಅಂತ ಲೆಕ್ಕ. ಈಗ ನಾನೂ ಹಾಗೇ ಮಾಡುತ್ತೇನೆ.

ಒಂದು ಪದಾರ್ಥ ಕೈಗೆ ಕೂರುವವರೆಗೆ ಅದನ್ನೇ ಮಾಡಿಸಿ, ನಾಲ್ಕು ವಾರ ಉಪ್ಪಿಟ್ಟೇ ಆದರೂ ಪರವಾಗಿಲ್ಲ. ವಾರಕ್ಕೊಂದು ಹೊಸದು ಅಂತ ಹೋದರೆ ಯಾವುದೂ ಬರುವುದಿಲ್ಲ.

ಅಜ್ಜಿಯ ಅಳತೆ

ಮಗಳು ಧಾರವಾಡದ ಅಜ್ಜಿಗೆ ವಿಡಿಯೋ ಕಾಲ್ ಮಾಡಿ ಸಾರಿನ ಪುಡಿ ಎಷ್ಟು ಹಾಕಬೇಕು ಅಂತ ಕೇಳಿದಳು. "ಒಂದೀಟು ಹಾಕವಾ" ಅಂದರು. "ಒಂದೀಟು ಅಂದ್ರೆ ಎಷ್ಟು ಗ್ರಾಂ ಅಜ್ಜಿ?" "ಗ್ರಾಂ ಗೀಂ ನನಗ ಗೊತ್ತಿಲ್ಲ, ಕೈಗೆ ತಿಳೀತದ." ಮಗಳು ಫೋನ್ ಇಟ್ಟು ತಲೆ ಚಚ್ಚಿಕೊಂಡಳು.

ಇದಕ್ಕೊಂದು ಉಪಾಯ ಇದೆ. ಊರಿಗೆ ಹೋದಾಗ ಅಜ್ಜಿ ಕೈಯಲ್ಲಿ ಹಿಡಿ, ಚಿಟಿಕೆ, ಒಂದೀಟು ಎಲ್ಲವನ್ನೂ ತೆಗೆಸಿ ಚಮಚದಲ್ಲಿ ಅಳೆಯಿರಿ. ನಮ್ಮ ಅಮ್ಮನ ಒಂದೀಟು ಸಾರಿನ ಪುಡಿ ಒಂದೂವರೆ ಸಣ್ಣ ಚಮಚ. ಮಗಳು ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಕನ್ನಡದಲ್ಲೇ ಬರೆದಿದ್ದಾಳೆ, ಕಾಗುಣಿತ ತಪ್ಪಿದೆ, ಒಗ್ಗರಣೆಗೆ ಒಂದೇ ಗ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ, ಕೆಳಗೆ ಆಡಲು ಹೋದರೆ ಮತ್ತೆ ಹಿಂದಿ. ಹದ, ಉರಿ, ಹಬೆ, ಕುದಿ, ಚಿಟಿಕೆ, ಹಸಿ ವಾಸನೆ ಇವೆಲ್ಲ ಅವರಿಗೆ ಬಂದದ್ದು ಅಡುಗೆಮನೆಯಿಂದಲೇ. ನಾನು ಬೇಕಂತಲೇ ಅಲ್ಲಿ ಬೇರೆ ಭಾಷೆ ಆಡುವುದಿಲ್ಲ.

ತರಕಾರಿ ತರಲೂ ಕಳಿಸಿ. ನಾಳೆಯ ಅಡುಗೆ ಅವರದ್ದಾದರೆ ಇವತ್ತಿನ ಭಾಜಿಯೂ ಅವರದ್ದೇ. 50 ರೂಪಾಯಿ, ಒಂದು ಚೀಲ. ಮಗ ಭಾಜಿವಾಲಿ ಮೌಶಿ ಹತ್ತಿರ ಕಡಿಪತ್ತಾ (ಕರಿಬೇವು), ಎರಡು ಮಿರ್ಚಿ ಪುಕ್ಕಟೆ ಕೇಳುವುದನ್ನು ನನಗಿಂತ ಚೆನ್ನಾಗಿ ಕಲಿತಿದ್ದಾನೆ.

ಗಂಡು ಹುಡುಗನಿಗೂ

ಅತ್ತೆ ಬಂದಾಗ ಒಮ್ಮೆ, ಮಗ ಚಪಾತಿ ಲಟ್ಟಿಸುವುದು ನೋಡಿ, "ಅವನ ಕೈಲಿ ಯಾಕೆ ಮಾಡಿಸ್ತೀ ಮಾರಾಯ್ತಿ, ಗಂಡು ಮಗು" ಅಂದರು. ನಾನು ಬಾಯಿ ತೆಗೆಯುವ ಮೊದಲೇ ನಮ್ಮವರು ಹೇಳಿದರು, "ಅಮ್ಮಾ, ಮುಂಬೈಯವರಿಗೆ ಇಡ್ಲಿ ಸಾಂಬಾರ್ ತಿನ್ನಿಸಿದ್ದು ಯಾರು?" ಅತ್ತೆ ಸುಮ್ಮನಾದರು. ಉಡುಪಿ, ಕುಂದಾಪುರ ಕಡೆಯಿಂದ ಎಷ್ಟು ಗಂಡು ಹುಡುಗರು ಈ ಊರಿಗೆ ಬಂದು, ಲೋಟ ತೊಳೆದು, ಹಿಟ್ಟು ರುಬ್ಬಿ, ಆಮೇಲೆ ಹೋಟೆಲ್ ಇಟ್ಟರು ಅನ್ನುವುದು ಅವರ ಮನೆತನದಲ್ಲೇ ಇದೆ. ಮಾಟುಂಗಾ ಸ್ಟೇಷನ್ ಪಕ್ಕದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು, ಈಗಲೂ ಬಾಳೆ ಎಲೆ ಊಟಕ್ಕೆ ಜನ ಸಾಲು ನಿಲ್ಲುತ್ತಾರೆ. ಅಲ್ಲಿಗೆ ಮಗನನ್ನು ಕರೆದುಕೊಂಡು ಹೋದಾಗ ಬಡಿಸುವವರ ಕೈವೇಗ ನೋಡಿ ಬಾಯಿ ಬಿಟ್ಟ. ಮನೆಗೆ ಬಂದು ಸಾರು ಬಡಿಸುವ ಕೆಲಸ ತಾನೇ ತೆಗೆದುಕೊಂಡ. ಅರ್ಧ ತಟ್ಟೆಗೆ, ಅರ್ಧ ನೆಲಕ್ಕೆ.

ಉಣ್ಣಲು ಕೂತಾಗ

ನಮ್ಮವರು ಮನೆ ಮುಟ್ಟುವಾಗ ಒಂಬತ್ತಾಗುತ್ತದೆ. ದಿನಾ ಎಲ್ಲರೂ ಒಟ್ಟಿಗೆ ಉಣ್ಣಬೇಕು ಅಂತ ಹಟ ಹಿಡಿದರೆ ಮಕ್ಕಳು ಹಸಿದು ಮಲಗುತ್ತವೆ. ಅದಕ್ಕೇ ವಾರಕ್ಕೆ ಎರಡು ದಿನ ಅಂತ ಇಟ್ಟದ್ದು. ಆ ಎರಡು ದಿನ ಫೋನ್‌ಗಳೆಲ್ಲ ಫ್ರಿಜ್ಜಿನ ಮೇಲೆ, ಟಿವಿ ಬಂದ್, ನೆಲದ ಮೇಲೆ ಸಾಲಾಗಿ ತಟ್ಟೆ. ಅಡುಗೆ ಮಾಡಿದವರೇ ಬಡಿಸಬೇಕು. ತಾವು ಮಾಡಿದ್ದನ್ನು ಇನ್ನೊಬ್ಬರು ಹೇಗೆ ತಿನ್ನುತ್ತಾರೆ ಅಂತ ಮಕ್ಕಳು ನೋಡಬೇಕು.

ತಿನ್ನುವವರಿಗೂ ಒಂದೆರಡು ಕಟ್ಟು ಇದೆ. ಎರಡು ತುತ್ತು ತಿನ್ನುವವರೆಗೆ ಯಾರೂ ಏನೂ ಹೇಳುವ ಹಾಗಿಲ್ಲ. ಆಮೇಲೆ ಬರೀ "ಸೂಪರ್" ಅನ್ನುವ ಹಾಗಿಲ್ಲ, ಏನು ಸೂಪರ್ ಅಂತ ಹೇಳಬೇಕು. "ಬೇಳೆ ಚೆನ್ನಾಗಿ ಬೆಂದಿದೆ, ಹುಳಿ ಸ್ವಲ್ಪ ಮುಂದಾಯ್ತು" ಅಂದರೆ ಮಗುವಿಗೆ ಮುಂದಿನ ಸಲಕ್ಕೆ ಏನೋ ಸಿಕ್ಕಿತು. ಎಲ್ಲದಕ್ಕೂ ಚಪ್ಪಾಳೆ ತಟ್ಟುವ ಅಪ್ಪ ಅಮ್ಮನ ಮಾತನ್ನು ಮಕ್ಕಳು ಬೇಗ ನಂಬುವುದು ಬಿಡುತ್ತಾರೆ. ಅಕ್ಕನಿಗೂ ತಮ್ಮನಿಗೂ ಹೋಲಿಸಬೇಡಿ, ಪಕ್ಕದ ಮನೆಯ ಹುಡುಗಿಗಂತೂ ಬೇಡವೇ ಬೇಡ. ಇನ್ನೊಂದು ವಿಚಿತ್ರ ನೋಡಿ, ಬೇರೆ ದಿನ ಹೀರೇಕಾಯಿ ನೋಡಿ ಮೂಗು ಮುರಿಯುವ ನಮ್ಮ ಮಗ, ತಾನೇ ಸಿಪ್ಪೆ ಹೆರೆದು ಮಾಡಿದ ಹೀರೇಕಾಯಿ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡ. ಮರುದಿನ ನಾನು ಮಾಡಿದಾಗ ಮತ್ತೆ ಮೂಗು ಮುರಿದ.

ಉಳಿದ ಅನ್ನವನ್ನು ಈ ಊರಿನ ಸೆಕೆಯಲ್ಲಿ ರಾತ್ರಿಯಿಡೀ ಹೊರಗಿಡಬೇಡಿ. ಮಾಡಿ ಎರಡು ಗಂಟೆಯ ಒಳಗೆ ಫ್ರಿಜ್ಜಿಗೆ. ಬೆಳಿಗ್ಗೆ ಅದರದೇ ಚಿತ್ರಾನ್ನ, ಒಗ್ಗರಣೆ ಮಗಳದ್ದು.

ಇನ್ನು ಪಾತ್ರೆ. ಅಡುಗೆ ಮಾಡಿದವರು ಬಳಸಿದ್ದನ್ನು ತೊಳೆಯಬೇಕು, ಕಟ್ಟೆ ಒರೆಸಬೇಕು, ಚೆಲ್ಲಿದ್ದನ್ನು ತೆಗೆಯಬೇಕು. ಮೊದಮೊದಲು ಮಗಳು ಉಪ್ಪಿಟ್ಟಿಗೆ ಆರು ಪಾತ್ರೆ ಮಾಡುತ್ತಿದ್ದಳು, ತಾನೇ ತೊಳೆಯಬೇಕು ಅಂತಾದ ಮೇಲೆ ಎರಡಕ್ಕೆ ಇಳಿಯಿತು. ತಳ ಹಿಡಿದದ್ದನ್ನು ಬಿಸಿನೀರು ಹಾಕಿ ನೆನೆಯಲು ಬಿಡಬಹುದು, ಆದರೆ ಬೆಳಿಗ್ಗೆಯವರೆಗೆ ಅಂತ ಬಿಟ್ಟರೆ ಅದು ನಮ್ಮ ಪಾಲಿಗೇ. ಮಿಕ್ಸಿ ಜಾರ್ ಒಂದನ್ನು ಮಾತ್ರ ನಾನು ತೊಳೆಯುತ್ತೇನೆ. ಒಳಗೆ ಬ್ಲೇಡ್ ಇದೆಯಲ್ಲ.